ಸೇತುವೆ ಬಂತು, ಬಾರಯ್ಯ

ಮತ್ತೆ ಆ ಸದ್ದು, ಗಾಲಿಗಳ ಕೆಳಗಿನ ನೆಲವನ್ನು ಯಾರೋ ಸರಕ್ಕನೆ ಎಳೆದುಕೊಂಡ ಹಾಗೆ ಟೊಳ್ಳಾಗುವ ಸದ್ದು, ಹಳ್ಳವೋ ಕಾಲುವೆಯೋ, ಕಿಟಕಿಯಾಚೆ ಕೆಂಪು ನೀರು ಮಿಂಚಿ ಮಾಯವಾಗುವುದರೊಳಗೆ ಹೇಳಿಬಿಡಬೇಕು, ಮಣಿವೋನ್ ಪಕ್ಕದ ಸೀಟಿನ ಮೇಲಿದ್ದ ಚೀಲಕ್ಕೆ ಅಂಗೈ ಒತ್ತಿ ಹೇಳುತ್ತಾಳೆ, ಬಾರಯ್ಯ, ಸೇತುವೆ ಬಂತು, ನನ್ನ ಹಿಂದೇನೇ ಬಾ, ಹೆದರ್ಬೇಡ — ಎದುರಿಗೆ ಕೂತಿದ್ದ, ರಜೆಗೆ ಹೊರಟ ಸಿಪಾಯಿ ಕಣ್ಣೆತ್ತಿ ಚೀಲ ನೋಡಿದ, ಅದರ ಬಾಯಲ್ಲಿ ಕಾಣುವ ಬಿಳಿ ಬಟ್ಟೆಯ ಗಂಟು ನೋಡಿದ, ಚಾಚಿದ್ದ ಕಾಲನ್ನು ಮೆಲ್ಲಗೆ ಎಳೆದುಕೊಂಡ, ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಪರಸ್ಥಳದಲ್ಲಿ ಸತ್ತವನನ್ನು ಮನೆಗೆ ಕರೆದೊಯ್ಯುವವರು ಪ್ರತಿ ಸೇತುವೆಗೂ ಹೇಳಿ ಹೇಳಿಯೇ ಕರೆದೊಯ್ಯಬೇಕು, ಮೂಳೆಗೇನು, ಚೀಲದಲ್ಲಿ ಕೂತು ಬರುತ್ತದೆ, ಜೀವ ಹಾಗಲ್ಲ, ಕರೆದರೆ ಮಾತ್ರ ಬರುತ್ತದೆ, ನೀರು ಅಡ್ಡ ಬಂದ ಕಡೆ ಕರೆಯುವವರಿಲ್ಲದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಬ್ಯಾಂಕಾಕ್ ಬಿಟ್ಟಾಗಿನಿಂದ ಇದೇ ಮಾತು, ಗಂಟಲು ಒಣಗಿ ತೆಂಗಿನ ನಾರಾಗಿದೆ, ಬದುಕಿದ್ದಾಗ ಇಷ್ಟು ಸಲ ಕರೆದಿದ್ದರೆ ಬರುತ್ತಿದ್ದನೋ ಏನೋ ಊಥಾಯ್, ಕರೆದೆನಲ್ಲ, ಹೊಸ ವರ್ಷದ ನೀರಾಟಕ್ಕೆ ಕರೆದೆ, ಅತ್ತೆಯ ಕಣ್ಣಿಗೆ ಪೊರೆ ಬಂದಾಗ ಕರೆದೆ, ಬರ್ತೀನಿ ಕಣೇ, ಈ ಕಟ್ಟಡ ಒಂದು ಮುಗೀಲಿ — ಆ ಕಟ್ಟಡಗಳು ಮುಗಿಯುತ್ತಲೇ ಇರಲಿಲ್ಲ, ಒಂದರ ಬೆನ್ನಿಗೆ ಇನ್ನೊಂದು ಆಕಾಶಕ್ಕೆ ಏಳುತ್ತಿತ್ತು, ಕೊನೆಗೆ ಅಂಥದ್ದೇ ಒಂದರ ಸಾರುವೆ ಮೇಲಿಂದ ಜಾರಿ ಗಂಡ ನೆಲಕ್ಕೆ ಬಿದ್ದ. ಈಗ ಬರುತ್ತಿದ್ದಾನೆ, ಬರುತ್ತಿದ್ದಾನಾ, ಬರುತ್ತಿದ್ದಾನೆ, ಎಲ್ಲಾ ಸೇತುವೆಗೂ ಹೇಳಿದ್ದಾಳೆ ಇವಳು, ಎಲ್ಲಾ ಅಂದರೆ — ಫ್ಯಾನು ಕಟಕಟ ಎಂದು ತಲೆಯ ಮೇಲೆ ಕತ್ತು ಹೊರಳಿಸಿತು, ಬಿಸಿಗಾಳಿ ಮುಖಕ್ಕೆ ಬಡಿದು ಹೋಯಿತು, ಆ ಒಂದನ್ನು ಈಗ ನೆನೆಯುವುದು ಬೇಡ. ಊರಿಂದ ಹೊರಡುವಾಗ ಅತ್ತೆ ಪೆಂಗ್ ಇವಳ ಕೈ ಹಿಡಿದು ಹೇಳಿದ್ದು ಒಂದೇ, ನೋಡೇ ಮಣಿ, ಒಂದು ಸೇತುವೇಲೂ ಬಾಯಿ ಮುಚ್ಕೋಬೇಡ, ನಿದ್ದೆ ಬಂದ್ರೆ ಮೆಣಸಿನಕಾಯಿ ಕಚ್ಕೋ, ಅವನನ್ನ ಮನೆ ಬಾಗಿಲಿಗೆ ತಂದ್ಬಿಡು ಸಾಕು, ಆಮೇಲೆ ನಾನೂ ನಿಶ್ಚಿಂತೆಯಾಗಿ ಕಣ್ಮುಚ್ತೀನಿ. ನಾಳೆ ಬೆಳಿಗ್ಗೆ ಊರವರೆಲ್ಲ ಮನೆಯ ಜಗಲಿಯಲ್ಲಿ, ಅವನ ಜೀವವನ್ನು ಮನೆಗೆ ಕಟ್ಟಿಕೊಳ್ಳಲು ಬಿಳಿ ದಾರ ಹಿಡಿದು ಕೂತಿರುತ್ತಾರೆ.

ಕೋರಾಟ್‌ನಲ್ಲಿ ರೈಲು ನಿಂತದ್ದೇ ತಡ, ಸುಟ್ಟ ಕೋಳೀ, ಅಂಟನ್ನಾ, ತಣ್ಣೀರೂ ಎಂದು ಕೂಗುವವರ ಹಿಂದೆಯೇ ಹುಂಜದ ಬುಟ್ಟಿ ಹೊತ್ತ ಒಬ್ಬ ದಪ್ಪ ಹೆಂಗಸು ಏದುಸಿರು ಬಿಡುತ್ತ ಹತ್ತಿದಳು, ಮೂರನೇ ದರ್ಜೆಯಲ್ಲಿ ಖಾಲಿ ಸೀಟು ಕಂಡರೆ ಯಾರು ಬಿಡುತ್ತಾರೆ, ಇಲ್ಯಾರಾದ್ರೂ ಇದಾರೇನಮ್ಮಾ, ನಮ್ಮನೆಯವ್ರು ಇದಾರೆ, ಎಲ್ಲಿ ಕಾಣ್ತಾನೇ ಇಲ್ಲ, ಕಕ್ಕಸಿಗೆ ಹೋಗಿದಾರಾ — ಮಣಿವೋನ್ ಚೀಲ ತೋರಿಸಿದಳು, ಅಯ್ಯಯ್ಯೋ ಎಂದು ಆಕೆ ಹುಂಜದ ಬುಟ್ಟಿ ಸಮೇತ ಕೈ ಮುಗಿದಳು, ತಪ್ಪಾಯ್ತು ಕಣಣ್ಣ, ಕಾಣಿಸ್ಲಿಲ್ಲ, ಬೈಕೋಬೇಡ, ಹೋಗಿ ಸಿಪಾಯಿಯನ್ನು ಕಿಟಕಿಗೆ ಒತ್ತರಿಸಿ ಕೂತಳು. ಕೂತವಳು ಬುತ್ತಿ ಬಿಚ್ಚಿ ಮೊದಲ ಉಂಡೆಯನ್ನು ಚೀಲದ ಅಂಚಿಗೇ ಇಟ್ಟಳು, ಮೊದ್ಲು ಅಣ್ಣ ತಿನ್ಲಿ, ಆಮೇಲೆ ನಾವು, ಹೆಂಗಾಯ್ತಮ್ಮ, ಎಲ್ಲಿಂದ ಬಿದ್ರು, ಅಷ್ಟೆತ್ತರದಿಂದಾನಾ, ಅಯ್ಯೋ ಪಾಪ, ನಮ್ಮ ಚಿಕ್ಕಪ್ಪನೂ ಹಿಂಗೇ ದೂರದೂರಲ್ಲಿ ಹೋದ, ಚಿಕ್ಕಮ್ಮ ಕರ್ಕೊಂಡು ಬರುವಾಗ ಒಂದೇ ಒಂದು ಸೇತುವೇಲಿ ತೂಕಡಿಸಿಬಿಟ್ಲು ನೋಡು, ಕನಸಲ್ಲಿ ಬರೋನು, ಚಳಿ ಚಳಿ ಅನ್ನೋನು, ಪಾದವೆಲ್ಲ ಒದ್ದೆ, ಕೊನೆಗೆ ಮತ್ತೆ ಅಲ್ಲಿಗೇ ಹೋಗಿ ಊದುಬತ್ತಿ ಹಚ್ಚಿ ಕರ್ಕೊಂಡು ಬರ್ಬೇಕಾಯ್ತು — ನೀನು ಎಲ್ಲಾ ಕಡೆ ಹೇಳಿದೀಯ ತಾನೇ, ಹೂಂ, ಎಂದಳು ಮಣಿವೋನ್, ಎಲ್ಲಾ ಕಡೆ. ಎಷ್ಟು ಸಲೀಸಾಗಿ ಬಂತು ಸುಳ್ಳು. ಹೆಂಗಸು ಖೋನ್‌ಕೇನ್‌ವರೆಗೂ ತನ್ನದೇ ಕೆಲಸವೆಂಬಂತೆ ಕಿಟಕಿಗೆ ಕಣ್ಣು ನೆಟ್ಟಿದ್ದಳು, ಸಣ್ಣ ಮೋರಿ ಬಂದರೂ ಬಿಡಳು, ಅಣ್ಣಾ, ಸೇತುವೆ, ಜೋಪಾನವಾಗಿ ಬಾ, ಹುಂಜ ಬೇರೆ ಅವಳ ಜೊತೆಗೆ ಕೂಗುತ್ತಿತ್ತು, ಸಿಪಾಯಿಗೆ ನಗು ತಡೆಯಲಾಗಲಿಲ್ಲ, ಮಣಿವೋನ್‌ಗೂ ಒಮ್ಮೆ ನಗು ಬಂತು, ಆದರೆ ಇಷ್ಟು ಅಕ್ಕರೆಯಿಂದ ಇಬ್ಬಿಬ್ಬರು ಕರೆಯುತ್ತಿದ್ದಾರೆ, ಕರೆಸಿಕೊಳ್ಳಲು ಅವನು ಹಿಂದೆ ಇದ್ದರಲ್ಲವೇ. ಇಳಿಯುವಾಗ ಆಕೆ ಚೀಲಕ್ಕೆ ಹೇಳಿದಳು, ಹೋಗ್ಬಾ ಅಣ್ಣ, ಹೆಂಡ್ತಿ ಬಂಗಾರದಂಥೋಳು, ಅವಳ ಬೆನ್ನು ಬಿಡ್ಬೇಡ.

ಬಂಗಾರವಂತೆ. ಆ ನಾಣ್ಯ ಕೇಳಬೇಕಿತ್ತು ಬಂಗಾರದ ಮಾತು — ಕಟ್ಟಡದ ಬುಡ, ಒದ್ದೆ ಸಿಮೆಂಟಿನ ವಾಸನೆ, ಅವನು ಬಿದ್ದ ಜಾಗಕ್ಕೆ ಮರಳು ಸುರಿದಿದ್ದಾರೆ, ಭಿಕ್ಷು ಮಂತ್ರ ಹೇಳಿ ನಾಣ್ಯವನ್ನು ಇವಳ ಕೈಗೆ ಕೊಟ್ಟರು, ಕೇಳಮ್ಮ, ಬರ್ತೀಯಾ ಅಂತ ಕೇಳಿ ಚಿಮ್ಮು, ಮುಖ ಮೇಲಾಗಿ ಬಿದ್ರೆ ಒಪ್ಪಿದ ಹಾಗೆ, ಇವಳು ಕೇಳುತ್ತಾಳೆ, ಊಥಾಯ್, ಮನೆಗೆ ಹೋಗೋಣ ಬಾ, ಅಮ್ಮ ಕಾಯ್ತಿದಾಳೆ, ನಾಣ್ಯ ಮಗುಚಿ ಬಿತ್ತು, ಮತ್ತೆ ಕೇಳಿದಳು, ಮತ್ತೆ ಮಗುಚಿ, ಮೇಸ್ತ್ರಿ ಕೈಗಡಿಯಾರ ನೋಡುತ್ತಾನೆ, ಮತ್ತೆ ಮಗುಚಿ, ಸುತ್ತ ನಿಂತ ಕೂಲಿಯವರೆಲ್ಲ ಇವಳ ಮುಖ ಬಿಟ್ಟು ಬೇರೆಲ್ಲೋ ನೋಡತೊಡಗಿದರು, ಸತ್ತ ಮೇಲೂ ಹೀಗೆ ಹತ್ತು ಜನರ ಮುಂದೆ ಮಾನ ಕಳೆಯಬೇಕಿತ್ತೇ ಮಾರಾಯ. ಅವನ ಮನಸ್ಸಿಗೆ ಹತ್ತಿರದೋರು ಇನ್ಯಾರಾದ್ರೂ ಇದೀರಾ, ಎಂದು ಭಿಕ್ಷು ಕೇಳಿದಾಗ ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು, ಜಲ್ಲಿ ಕಲಸುವ ಯಂತ್ರದ ಪಕ್ಕ ಒಬ್ಬಳು, ಮಂಡಿಯವರೆಗೆ ಬೂದು ಬೂಟು, ಮುಖಕ್ಕೆ ಸುತ್ತಿದ ಹೂವಿನ ಬಟ್ಟೆ, ಸಮ್ಲೀ ಅಂತೆ ಹೆಸರು, ಬಟ್ಟೆ ಸರಿಸಿದರೆ ಏನು ಮಹಾ ಚೆಲುವೆಯಲ್ಲ, ಇವಳಷ್ಟೇ ವಯಸ್ಸು, ಇವಳ ಹಾಗೇ ಕೆನ್ನೆಯ ಮೇಲೆ ಬಿಸಿಲಿನ ಕಪ್ಪು, ಚೆಲುವೆಯಾಗಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬಂದು ಮರಳಿನ ಮೇಲೆ ಮಂಡಿಯೂರಿ, ಹೋಗು, ಮನೆಗೆ ಹೋಗು, ನಾನು ಚೆನ್ನಾಗಿರ್ತೀನಿ, ಅಂದಳು, ಅಷ್ಟೇ, ನಾಣ್ಯ ಮುಖ ಮೇಲಾಗಿ ಬಿತ್ತು, ಒಂದೇ ಏಟಿಗೆ. ಮೈಯೆಲ್ಲ ಉರಿದುಹೋಯಿತು ಮಣಿವೋನ್‌ಗೆ, ಮಣಿಕಟ್ಟಿಗೆ ಮದುವೆಯ ಹತ್ತಿ ದಾರ ಕಟ್ಟಿಸಿಕೊಳ್ಳದ, ಅತ್ತೆಯ ಕಾಲು ತೊಳೆಯದ, ಅಪ್ಪನ ಮನೆಗೆ ವೀಳ್ಯ ತರಿಸಿಕೊಳ್ಳದ ಒಬ್ಬಳು ಹೋಗು ಅಂದರೆ ಹೊರಡುತ್ತಾನೆ, ಹೆಂಡತಿ ಬಾ ಅಂದರೆ ಮಗುಚಿ ಬೀಳುತ್ತಾನೆ. ಸ್ಟೇಷನ್ನಿಗೂ ಬಂದಳು ಆ ಪುಣ್ಯಾತ್ಗಿತ್ತಿ, ಮಡಿಚಿದ ಅವನ ಅಂಗಿ ತಂದು ಕೊಟ್ಟಳು, ಒಗೆದು ಇಸ್ತ್ರಿ ಮಾಡಿದ್ದಳು, ಕಿಟಕಿಯ ಕಂಬಿ ಹಿಡಿದು ನಿಂತು, ಅಕ್ಕಾ, ಒಂದು ಮಾತು, ಸೇತುವೆ ಬಂದಾಗ ಹೆದರ್ಬೇಡ ಅಂತ ಸೇರಿಸಿ ಹೇಳಿ, ಅವ್ರಿಗೆ ನೀರು ಅಂದ್ರೆ ಭಯ. ಭಯವಂತೆ! ಮೆಕಾಂಗ್ ದಡದಲ್ಲಿ ಹುಟ್ಟಿದವನಿಗೆ ನೀರಿನ ಭಯವಂತೆ! ಗಂಡನ ವಿಷಯವನ್ನು ಹೆಂಡತಿಗೆ ಹೇಳಿಕೊಡಲು ಬಂದಿದ್ದಾಳೆ, ಎಂದುಕೊಂಡು ಇವಳು ಮುಖ ತಿರುಗಿಸಿದಳು, ಆದರೂ ಮೊದಲ ಸೇತುವೆಯಿಂದಲೇ ಆ ಮಾತು ನಾಲಗೆಗೆ ಅಂಟಿಕೊಂಡಿತು, ಹೆದರ್ಬೇಡ, ಹೆದರ್ಬೇಡ, ಈಗ ಅದನ್ನು ಬಿಟ್ಟು ಕರೆಯಲು ಬರುತ್ತಿಲ್ಲ.

ಉದೋನ್ ದಾಟಿತು, ಸಿಪಾಯಿ ಇಳಿದು ಹೋದ, ಬೋಗಿಯೊಳಗೆ ಬಿಸಿಲು ಓರೆಯಾಗಿ ಬಂದು ಚೀಲದ ಮೇಲೆ ಕೂತಿದೆ, ಅನ್ನದ ಉಂಡೆ ಒಣಗಿ ಇರುವೆ ಮುತ್ತಿದೆ, ತಿಂದಿಲ್ಲ ಅವನು, ಸತ್ತವರು ತಿಂದರೆ ಕಾಣುತ್ತದೆಯೇ, ಕಾಣುವುದಿಲ್ಲ, ಆದರೂ. ಆ ಒಂದು — ಬೇಡ ಬೇಡವೆಂದರೂ ಮನಸ್ಸು ಅಲ್ಲಿಗೇ ಓಡುತ್ತದೆ, ಹಾಳಾದ್ದು — ಬೆಳಗಿನ ಪಾಸಾಕ್ ಹೊಳೆ, ಕಬ್ಬಿಣದ ಸೇತುವೆ, ಮೋರಿಯಲ್ಲ ಹಳ್ಳವಲ್ಲ, ತುಂಬಿ ಹರಿಯುವ ಹೊಳೆ, ಆಗತಾನೆ ಪಪ್ಪಾಯಿ ಕೋಸಂಬರಿ ಕೊಂಡಿದ್ದಳು, ಅವನ ಪಾಲು ತೆಗೆದಿಡಲೆಂದು ಅಂಗಿ ಸರಿಸಿದಳು, ಅಂಗಿಯ ಕಂಕುಳಲ್ಲಿ ಹೊಲಿಗೆ ಕಂಡಿತು, ಹರಿದದ್ದನ್ನು ಎಷ್ಟು ಸಣ್ಣ ಸಣ್ಣ ಹೊಲಿಗೆಯಲ್ಲಿ ಸೇರಿಸಿದ್ದಾಳೆ, ದಾರದ ಬಣ್ಣ ಕೂಡ ಹುಡುಕಿ ಹೊಂದಿಸಿದ್ದಾಳೆ, ಇವಳು ಹೊಲಿದದ್ದಲ್ಲ, ಇವಳು ಮದುವೆಯಾಗಿ ಇಷ್ಟು ಕಾಲದಲ್ಲಿ ಅವನ ಅಂಗಿಗೆ ಹಾಗೆ ಒಂದು ದಿನ ಹೊಲಿಗೆ ಹಾಕಿಲ್ಲ, ಹಾಕಲು ಅವನು ಇದ್ದರೆ ತಾನೇ, ಇದ್ದ ಅಷ್ಟು ದಿನ ಹರಿದ ಅಂಗಿಗೆ ಬೈದದ್ದೇ ಆಯಿತು — ಅಷ್ಟರಲ್ಲಿ ಗಾಲಿಯ ಸದ್ದು ಟೊಳ್ಳಾಯಿತು, ಕಬ್ಬಿಣದ ಕಂಬಗಳು ಪಟಪಟ ಹಿಂದಕ್ಕೋಡಿದವು, ಕೆಳಗೆ ನೀರು ಹೊಳೆಯುತ್ತಿತ್ತು, ಬಾರಯ್ಯ ಎನ್ನಲು ತುಟಿ ತೆರೆದಿತ್ತು, ತೆರೆದ ತುಟಿಯನ್ನು ಇವಳೇ ಮುಚ್ಚಿದಳು. ನಿದ್ದೆಯಲ್ಲ, ಮರೆವಲ್ಲ, ಮುಚ್ಚಿದಳು, ಅವಳನ್ನೇ ಕೇಳಿಕೋ, ಅವಳೇ ಕರೀಲಿ, ಹಲ್ಲು ಕಚ್ಚಿ ಕೂತಳು, ಮೊದಲ ಕಂಬದಿಂದ ಕೊನೆಯ ಕಂಬದವರೆಗೆ ಕಚ್ಚಿಯೇ ಕೂತಳು, ಸೇತುವೆ ಮುಗಿಯಿತು, ಗಾಲಿ ನೆಲಕ್ಕೆ ತಾಗಿ ಸದ್ದು ಗಟ್ಟಿಯಾಯಿತು, ಆಹಾ, ಎಂಥ ಸಮಾಧಾನ ಆ ಒಂದು ಗಳಿಗೆ, ಎಷ್ಟೋ ವರ್ಷದ ಹೊಟ್ಟೆಯುರಿಗೆ ತಣ್ಣೀರು ಹೊಯ್ದ ಹಾಗೆ. ಆಮೇಲೆ ಮುಂದಿನ ಹಳ್ಳಕ್ಕೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು, ಬಾರಯ್ಯ, ಸೇತುವೆ ಬಂತು. ಥೂ, ಯಾರನ್ನು ಕರೆಯುತ್ತಿದ್ದಾಳೆ ಇವಳು ಅಲ್ಲಿಂದೀಚೆಗೆ, ಮೂಳೆಯನ್ನೋ ಅಂಗಿಯನ್ನೋ.

ಇಳಿಬಿಸಿಲಲ್ಲಿ ನೊಂಗ್‌ಖಾಯ್, ರೈಲು ಮುಗಿಯಿತು, ಇನ್ನು ಮೆಕಾಂಗ್ ದಾಟಿದರೆ ಇವಳ ದೇಶ, ಟುಕ್‌ಟುಕ್ಕಿನವನು, ಗಡಿಗೇನಮ್ಮ, ಒಬ್ರೇನಾ, ಇಬ್ರು, ಎಂದು ಬಾಯಿಗೆ ಬಂದದ್ದನ್ನು ನುಂಗಿ ಹತ್ತಿದಳು, ನುಂಗಿದ್ದಾದರೂ ಯಾಕೆ, ಬೆಳಿಗ್ಗೆ ಬ್ಯಾಂಕಾಕಿನಲ್ಲಿ ಟಿಕೆಟ್ಟಿನವನಿಗೆ ಇಬ್ಬರು ಎಂದೇ ಹೇಳಿದ್ದಳಲ್ಲ, ಅವನೂ ಚೀಲ ನೋಡಿ ಅಕ್ಕಪಕ್ಕದ ಎರಡು ಸೀಟು ಕೊಟ್ಟಿದ್ದ. ಗಾಳಿಯಲ್ಲಿ ಮನೆಯ ವಾಸನೆ, ಹುದುಗಿಸಿದ ಮೀನಿನದು, ಸುಟ್ಟ ಹುಲ್ಲಿನದು, ಮದುವೆಗೆ ಮುಂಚೆ ಸಂಜೆ ಇಂಥದ್ದೇ ಗಾಳಿಯಲ್ಲಿ ಅವನು ಬರುತ್ತಿದ್ದ, ಅವನ ಊರಿಗೂ ಇವಳ ಊರಿಗೂ ನಡುವೆ ಹೊಳೆ, ಹೊಳೆಗೆ ಬಿದಿರಿನ ಸೇತುವೆ, ಪ್ರವಾಹ ಬಂದಾಗಲೆಲ್ಲ ಕೊಚ್ಚಿಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು, ಆಚೆ ದಡದಲ್ಲಿ ಬಂದು ನಿಲ್ಲುತ್ತಿದ್ದ ಊಥಾಯ್, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ನಿಂತೇ ಇರುತ್ತಿದ್ದ, ಬರಲೊಲ್ಲ ಹೋಗಲೊಲ್ಲ, ಇವಳ ಗೆಳತಿಯರು ನಕ್ಕು ನಕ್ಕು ಬೀಳುತ್ತಿದ್ದರು, ನೋಡೇ ನಿನ್ನ ಸಾಹುಕಾರ, ಕಾಲಿಗಿಂತ ಚಪ್ಪಲಿ ಮೇಲೆ ಪ್ರೀತಿ, ಹೂವು ತಗೊಂಡು ಹೋಗಿ ಕರ್ಕೊಂಡು ಬಾ, ಇವಳು ದಡಕ್ಕೆ ಓಡಿ ಬಂದು ಕೈ ಬೀಸಿ, ಬಾರಯ್ಯ, ಯಾರೂ ಇಲ್ಲ, ಬಾ, ಎಂದ ಮೇಲೆಯೇ ಹೆಜ್ಜೆ ಎತ್ತುತ್ತಿದ್ದ, ಇವಳ ಮುಖದಿಂದ ಕಣ್ಣು ಕೀಳದೆ ಒಂದೊಂದೇ ಬಿದಿರು ತುಳಿದು ಬರುತ್ತಿದ್ದ, ಎಂಥ ನೋಟ ಅದು, ಊರಲ್ಲಿ ಯಾವ ಗಂಡೂ ಯಾವ ಹೆಣ್ಣನ್ನೂ ಹಾಗೆ ನೋಡಿದ್ದಿಲ್ಲ ಎಂದು ಉಬ್ಬಿಹೋಗಿದ್ದಳು. ಈಗ ಗಡಿಯ ಕಿಟಕಿಯ ಮುಂದೆ ಸಾಲು, ಗಂಟುಮೂಟೆಯವರು, ಕುಕ್ಕರು ಫ್ಯಾನು ಕೊಂಡವರು, ಬೆನ್ನಿಗೆ ಬೆಟ್ಟದಂಥ ಚೀಲ ಹೊತ್ತ ಬಿಳಿಯ ಪ್ರವಾಸಿಗಳು, ಇವಳು ಚೀಲಕ್ಕೆ ಬಾಗಿ ಪಿಸುಗುಟ್ಟಿದಳು, ನಿನ್ನನ್ನ ಯಾರೂ ಪಾಸ್‌ಪೋರ್ಟ್ ಕೇಳಲ್ಲ, ಸುಮ್ನೆ ನನ್ನ ಪಕ್ಕದಲ್ಲೇ ನುಗ್ಗು, ಅಧಿಕಾರಿ ಚೀಲ ಮುಟ್ಟಿ, ಇದೇನು ಅಂದ, ನಮ್ಮನೆಯವ್ರು, ಅವನು ಕೈ ಹಿಂದಕ್ಕೆ ತೆಗೆದು ಮುದ್ರೆ ಒತ್ತಿದ, ಹೋಗಿ ಬನ್ನಿ, ಎಂದ, ಇಬ್ಬರಿಗೂ ಹೇಳುವ ಹಾಗೆ.

ಸೇತುವೆ ದಾಟಿಸುವ ಬಸ್ಸು ಜನರಿಂದ ಬಿರಿಯುತ್ತಿದೆ, ಕೂರಲು ಜಾಗವಿಲ್ಲ, ಕಂಬಿಗೆ ಒರಗಿ ಚೀಲವನ್ನು ಎದೆಗೆ ಅವುಚಿ ನಿಂತಿದ್ದಾಳೆ, ಇದು ಕೊನೆಯ ದೊಡ್ಡ ಸೇತುವೆ, ಇಡೀ ಮೆಕಾಂಗ್ ಕೆಳಗೆ ಮಲಗಿದೆ, ಸಂಜೆಯ ಕೆಂಪಿನಲ್ಲಿ ಮರಳ ದಿಬ್ಬಗಳು, ಒಂದು ಸಣ್ಣ ದೋಣಿ, ಇದಕ್ಕೆ ಗಟ್ಟಿಯಾಗಿ ಕರೆಯಬೇಕು, ಗಟ್ಟಿಯಾಗಿ ಕರೆದರೆ ಪಾಸಾಕ್‌ವರೆಗೂ ಕೇಳಿಸೀತೇ, ಹುಚ್ಚಿ, ಬಾರಯ್ಯ, ಎಂದಳು, ಸೇತುವೆ ಬಂತು, ದೊಡ್ಡದು, ಹೆದರ್ಬೇಡ — ಅಕ್ಕಪಕ್ಕದವರು ನಾಣ್ಯ ತೆಗೆದು ಅವನ ಪರವಾಗಿ ಕಿಟಕಿಯಿಂದ ನೀರಿಗೆ ಎಸೆದರು, ಒಳ್ಳೇದಾಗ್ಲಿ, ಒಳ್ಳೇದಾಗ್ಲಿ, ಎಷ್ಟು ಒಳ್ಳೆಯವರು, ಇವರಿಗೆಲ್ಲ ಏನೆಂದು ಹೇಳಲಿ, ಚೀಲ ಬೆಳಗಿನಿಂದ ಹಗುರವಾಗಿಯೇ ಇದೆಯಪ್ಪಾ ಎಂದು ಹೇಳಲೇ, ಇಳಿದು ಹಿಂತಿರುಗುವ ಬಸ್ಸು ಹಿಡಿಯಲೇ, ಮತ್ತೆ ನೊಂಗ್‌ಖಾಯ್, ಮತ್ತೆ ಆ ರೈಲು, ಊರವರು ದಾರ ಹಿಡಿದು ಕಾಯುತ್ತಾರಲ್ಲ, ಯಾಕೆ ಹಿಂದೆ ಹೋದೆ ಎಂದರೆ ಏನೆನ್ನಲಿ, ಸಿಟ್ಟು ಬಂದಿತ್ತು ಎನ್ನಲೇ, ಫೋನು ಹೊಡೆದುಕೊಳ್ಳುತ್ತಿದೆ, ಪಕ್ಕದ ಮನೆಯವರ ಫೋನಿನಲ್ಲಿ ಅತ್ತೆ. ಯಾರು, ಮಣೀನಾ, ದಾಟಿದ್ರಾ, ದಾಟ್ತಾ ಇದೀವಿ ಅತ್ತೆ — ಇದೀವಿ ಅಂದ್ಯಾ, ಅಯ್ಯೋ ನನ್ನಪ್ಪ, ಬಂದ್ನಾ, ಒಂದು ಸೇತುವೇಲೂ ಬಿಡ್ಲಿಲ್ಲ ತಾನೇ, ಬಿಟ್ಟಿರಲ್ಲ ಬಿಡು, ನಿನ್ನ ವಿಷ್ಯ ನಂಗೆ ಗೊತ್ತಿಲ್ವಾ, ಚಿಕ್ಕೋನಿದ್ದಾಗ ಹೊಳೆಗೆ ಬಿದ್ದು ಹೆಣದ ಹಾಗೆ ಸಿಕ್ಕಿದ್ನಲ್ಲೇ, ಅವತ್ತಿಂದ ಅಷ್ಟೇ, ನೀರು ಕಂಡ್ರೆ ಕಾಲು ಬರ್ತಿರ್ಲಿಲ್ಲ, ನಾಚಿಕೆ ಅಂತ ಯಾರಿಗೂ ಹೇಳ್ಬೇಡ ಅಂತಿದ್ದ, ಜಾರುತ್ತೆ ಅಂತ ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಳ್ಳೋನು, ಯಾರಾದ್ರೂ ಆಚೆಯಿಂದ ಹೆಸರು ಹಿಡಿದು ಕರೀಬೇಕು, ಕರೆಯೋರ ಮುಖ ನೋಡ್ಕೊಂಡೇ ದಾಟೋನು, ಕರೀದೇ ಇದ್ರೆ ಕತ್ತಲಾದ್ರೂ ಅಲ್ಲೇ ನಿಂತಿರೋನು, ನಿಂಗೆ ಹೇಳ್ಬೇಕಾ, ನೀನೇ ತಾನೇ ಕರೀತಿದ್ದೋಳು — ಅವನಮ್ಮನಿಗೆ ಗೊತ್ತಿತ್ತು, ಆ ಸಮ್ಲೀಗೂ ಗೊತ್ತಿತ್ತು, ಇವಳು ಮಾತ್ರ ಪ್ರೀತಿ ಅಂದುಕೊಂಡಳು, ಜಿಪುಣತನ ಅಂದುಕೊಂಡಳು, ಆ ಕಣ್ಣು ಇವಳ ಮುಖವನ್ನು ಬಿದಿರಿನ ಹಿಡಿಗೋಲಿನ ಹಾಗೆ ಹಿಡಿದುಕೊಂಡಿತ್ತು, ಅಷ್ಟೇ, ಅಲ್ಲ, ಅಷ್ಟೇ ಅಲ್ಲ, ಯಾರ ಮುಖವಾದರೂ ಆಗಬಹುದಿತ್ತು, ಇವಳದನ್ನೇ ಹುಡುಕಿಕೊಂಡು ಹೊಳೆ ದಾಟಿ ಬರುತ್ತಿದ್ದನಲ್ಲ, ಅಷ್ಟು ಭಯ ಇಟ್ಟುಕೊಂಡು ಸಂಜೆ ಸಂಜೆಯೂ ಬರುತ್ತಿದ್ದನಲ್ಲ, ದೇವರೇ. ಮಣೀ, ಕೇಳಿಸ್ತಿದೆಯಾ, ಫೋನು ಅವನ ಹತ್ರ ಹಿಡಿಯೇ, ನಾನೂ ಒಂದ್ಸಲ ಕರೀತೀನಿ. ಕೈ ತಾನಾಗಿ ಫೋನನ್ನು ಇಳಿಸಿತು, ಬಿಳಿ ಗಂಟಿಗೆ, ಇಸ್ತ್ರಿ ಮಾಡಿದ ಅಂಗಿಗೆ, ಸಣ್ಣ ಸಣ್ಣ ಹೊಲಿಗೆಗೆ ಒತ್ತಿ ಹಿಡಿಯಿತು, ಒಳಗಿನಿಂದ ಮುದಿ ದನಿ ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಿದೆ, ಮಗಾ, ಬಂದೆಯೇನೋ, ಇನ್ನು ನೀರಿಲ್ಲ ಕಣೋ, ಮುಗೀತು, ಚಪ್ಪಲಿ ಹಾಕ್ಕೋ — ಬಸ್ಸಿನ ಗಾಲಿಗೆ ನೆಲ ಸಿಕ್ಕಿತು, ಜನ ಇಳಿಯುತ್ತಿದ್ದಾರೆ, ಯಾರೋ, ಮುಂದೆ ಹೋಗಮ್ಮ, ಅನ್ನುತ್ತಿದ್ದಾರೆ, ಮುಂದೆ ಎಲ್ಲಿ, ಪಾಸಾಕಿನ ಆ ಕಬ್ಬಿಣದ ಸೇತುವೆ, ಈಚೆಯಲ್ಲ ಆಚೆ, ಮೊದಲ ಕಂಬದ ಬುಡದಲ್ಲಿ ಅವನು, ಜಲ್ಲಿಕಲ್ಲಿನ ಮೇಲೆ ಬರಿಗಾಲು, ರೈಲು ಹೋದ ಕಡೆಗೇ ಮುಖ, ಚಪ್ಪಲಿ ಕೈಯಲ್ಲಿ, ಇವಳು ಕೂಗಲಿ ಎಂದು, ಚಪ್ಪಲಿ ಕೈಯಲ್ಲಿ.